ಮೋಷನ್ ಗ್ರಾಫಿಕ್ಸ್ ತಂತ್ರಾಂಶಗಳಲ್ಲಿ ಪೇಂಟ್ ಮತ್ತು ಎಫೆಕ್ಟ್ ಪ್ಲಗಿನ್‌ಗಳ ದೋಷನಿವಾರಣೆ

ಮೋಷನ್ ಗ್ರಾಫಿಕ್ಸ್ ತಂತ್ರಾಂಶವೆಂದರೆ ಅಕ್ಷರ, ಚಿತ್ರ ಮತ್ತು ವಿಡಿಯೊ ತುಣುಕುಗಳನ್ನು ಲೇಯರ್‌ಗಳಾಗಿ, ಅಂದರೆ ಒಂದರ ಮೇಲೊಂದು ಹಾಸಿದ ಪದರಗಳಾಗಿ ಜೋಡಿಸಿ, ಅವುಗಳಿಗೆ ಚಲನೆಯನ್ನೂ ರೂಪಾಂತರವನ್ನೂ ಕೊಡುವ ಸಾಧನ. ಇದರಲ್ಲಿ ಪೇಂಟ್ ಎಂಬುದು ಓಡುವ ಚಿತ್ರದ ಮೇಲೆಯೇ ಕುಂಚದಿಂದ ಬಣ್ಣ ಹಚ್ಚುವ, ಅಳಿಸುವ, ಒಂದು ಭಾಗವನ್ನು ತೆಗೆದು ಇನ್ನೊಂದರ ಮೇಲೆ ನಕಲಿಸುವ ಉಪಕರಣಗಳ ಗುಂಪು; ಎಫೆಕ್ಟ್ ಎಂಬುದು ಮಸುಕು, ಹೊಳಪು, ಹೊಗೆ, ಕಿಡಿಗಳ ಸುರಿಮಳೆ ಮುಂತಾದ ಪರಿಣಾಮಗಳನ್ನು ಗಣಿತದಿಂದ ಮೂಡಿಸುವ ವಿಧಾನ; ಪ್ಲಗಿನ್ ಎಂಬುದು ಮೂಲ ತಂತ್ರಾಂಶಕ್ಕೆ ಹೊರಗಿನಿಂದ ಸೇರಿಸುವ, ಸಾಮಾನ್ಯವಾಗಿ ಬೇರೊಂದು ಕಂಪನಿ ಬರೆದ ಪೂರಕ ಕಡತ. ಇವು ಕೈಕೊಟ್ಟಾಗ ಕಾರಣವನ್ನು ಹುಡುಕಿ ಸರಿಪಡಿಸುವ ಕ್ರಮಕ್ಕೆ ದೋಷನಿವಾರಣೆ ಎನ್ನುತ್ತಾರೆ. ತಂತ್ರಾಂಶವೇ ಕೆಟ್ಟಿದೆ ಎಂದು ದೂರು ಬರುವ ಪ್ರಸಂಗಗಳಲ್ಲಿ ಹೆಚ್ಚಿನವುಗಳಲ್ಲಿ ತಂತ್ರಾಂಶ ತನಗೆ ಹೇಳಿದ್ದನ್ನೇ ಮಾಡಿರುತ್ತದೆ. ತಪ್ಪಿರುವುದು ಕೆಲಸದ ಸರದಿ, ಇಲ್ಲವೇ ಕೆಲಸ ಮಾಡಿದ ಗಣಕಕ್ಕೂ ಅದನ್ನು ಮುಗಿಸುವ ಗಣಕಕ್ಕೂ ಇರುವ ಹೊಂದಾಣಿಕೆ.

ಹೂಡಿ–ವೈಟ್‌ಫೀಲ್ಡ್ ವಲಯ: ಇಂಥ ಕೆಲಸ ದಿನವೂ ನಡೆಯುವ ನೆಲೆಗಳಲ್ಲಿ ಇದೂ ಒಂದು. ಬೆಂಗಳೂರಿನ ಪೂರ್ವದಲ್ಲಿ ಕೃಷ್ಣರಾಜಪುರಕ್ಕೂ ವೈಟ್‌ಫೀಲ್ಡ್‌ಗೂ ನಡುವೆ ಇರುವ ಹೂಡಿ, ಕೈಗಾರಿಕಾ ಪ್ರದೇಶದ ಮಗ್ಗುಲಲ್ಲೇ ಬೆಳೆದ ಹಳೆಯ ಹಳ್ಳಿ. ಒಂದು ಕಡೆ ರಫ್ತು ಉತ್ತೇಜನ ಕೈಗಾರಿಕಾ ಪಾರ್ಕ್, ಇನ್ನೊಂದು ಕಡೆ 1990ರ ದಶಕದಲ್ಲಿ ಸಿಂಗಪುರದ ಸಹಯೋಗದಿಂದ ಎದ್ದ ಅಂತರರಾಷ್ಟ್ರೀಯ ಟೆಕ್ ಪಾರ್ಕ್ ಇರುವ ಈ ಪಟ್ಟಿ ಸಾಫ್ಟ್‌ವೇರ್ ಕಂಪನಿಗಳಿಂದ ಹೆಸರಾದರೂ, ಅನಿಮೇಷನ್ ಮತ್ತು ದೃಶ್ಯ ಪರಿಣಾಮಗಳ ಸ್ಟುಡಿಯೊಗಳಿಗೂ ನೆಲೆಯಾಗಿದೆ. ಟೆಕ್ನಿಕಲರ್ ಸಮೂಹದ ಭಾರತೀಯ ಶಾಖೆ ಟೆಕ್ ಪಾರ್ಕಿನಲ್ಲಿ ನೆಲೆಗೊಂಡು, ಅದರ ಅಂಗವಾದ ಎಂಪಿಸಿ ಸ್ಟುಡಿಯೊದ ಬೆಂಗಳೂರು ತಂಡ ‘ದ ಜಂಗಲ್ ಬುಕ್’ನಂಥ ಚಿತ್ರಗಳಿಗೆ ಕೆಲಸ ಮಾಡಿತು, ಆ ಚಿತ್ರದ ದೃಶ್ಯ ಪರಿಣಾಮಗಳಿಗೆ 2017ರಲ್ಲಿ ಆಸ್ಕರ್ ಪ್ರಶಸ್ತಿ ಬಂದಿತು. 2025ರ ಫೆಬ್ರವರಿಯಲ್ಲಿ ಆ ಸಮೂಹವೇ ಹಣಕಾಸಿನ ಬಿಕ್ಕಟ್ಟಿನಲ್ಲಿ ಕುಸಿದಾಗ ಇಲ್ಲಿನ ಬಹುಸಂಖ್ಯೆಯ ಕಲಾವಿದರು ಕೆಲಸ ಕಳೆದುಕೊಂಡರು. ಕರ್ನಾಟಕ ಸರ್ಕಾರ ಅನಿಮೇಷನ್, ದೃಶ್ಯ ಪರಿಣಾಮ, ಗೇಮಿಂಗ್ ಮತ್ತು ಕಾಮಿಕ್ಸ್ ಕ್ಷೇತ್ರಕ್ಕೆಂದೇ 2012ರಲ್ಲಿ ನೀತಿಯನ್ನು ರೂಪಿಸಿತು. 2024–2029ರ ಅವಧಿಗೆ ಅದನ್ನು ವಿಸ್ತರಿತ ವಾಸ್ತವದ ತಂತ್ರಜ್ಞಾನಗಳನ್ನೂ ಸೇರಿಸಿ ಹೊಸದಾಗಿ ಪ್ರಕಟಿಸಿತು. ಈ ಕ್ಷೇತ್ರದ ಉತ್ಕೃಷ್ಟತಾ ಕೇಂದ್ರ 2021ರಲ್ಲಿ ಹೂಡಿಗೆ ಹತ್ತಿರದ ಮಹದೇವಪುರದಲ್ಲಿ ಆರಂಭವಾಯಿತು. 

ಪೇಂಟ್ ಕೆಲಸ ಇಲ್ಲಿನ ಸ್ಟುಡಿಯೊಗಳಲ್ಲಿ ಬೇರೂರಿದ್ದಕ್ಕೆ ಕಾರಣವಿದೆ. ಸಾಹಸ ದೃಶ್ಯದ ನಟನನ್ನು ಎತ್ತಿ ಹಿಡಿದ ತಂತಿಯನ್ನು ಅಳಿಸುವುದು, ಮುಖದ ಮೇಲೆ ಅಂಟಿಸಿದ ಗುರುತಿನ ಚುಕ್ಕೆಗಳನ್ನು ತೆಗೆಯುವುದು, ಪೌರಾಣಿಕ ದೃಶ್ಯದ ಹಿನ್ನೆಲೆಯಲ್ಲಿ ಇಣುಕುವ ವಿದ್ಯುತ್ ಕಂಬವನ್ನು ಮರೆಮಾಡುವುದು ಎಲ್ಲವೂ ಪೇಂಟ್ ವಿಭಾಗದ ಪಾಲಿಗೆ ಬರುತ್ತವೆ. ವ್ಯಕ್ತಿಯ ಅಂಚನ್ನು ಫ್ರೇಮ್ ಫ್ರೇಮಾಗಿ ಬಿಡಿಸುವ ರೋಟೊ ಕೆಲಸದ ಜೊತೆ ಸೇರಿಸಿ ಇದನ್ನು ಸ್ಟುಡಿಯೊಗಳಲ್ಲಿ ‘ರೋಟೊ–ಪ್ರೆಪ್’ ಎನ್ನುತ್ತಾರೆ. ತಾಳ್ಮೆಯನ್ನೂ ಮಾನವ ಗಂಟೆಗಳನ್ನೂ ಬಹಳವಾಗಿ ಬೇಡುವ ಈ ಕೆಲಸವನ್ನು ಲಂಡನ್, ಮಾಂಟ್ರಿಯಲ್‌ಗಳ ಸ್ಟುಡಿಯೊಗಳು ಬೆಂಗಳೂರಿಗೆ ಒಪ್ಪಿಸುತ್ತ ಬಂದವು. ಕನ್ನಡ ಚಿತ್ರರಂಗದ ಬೇಡಿಕೆಯೂ ಇದರ ಜೊತೆಗೇ ಬೆಳೆಯಿತು. ‘ಕೆಜಿಎಫ್: ಅಧ್ಯಾಯ 1’ ಚಿತ್ರದ ವಿಶೇಷ ಪರಿಣಾಮಗಳಿಗಾಗಿ ಬೆಂಗಳೂರಿನ ಯೂನಿಫೈ ಮೀಡಿಯಾ ಸಂಸ್ಥೆಗೆ 66ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿ ಸಂದಿತು.

ಉಪಕರಣಗಳ ಹಿನ್ನೆಲೆ: ಗಣಕದಲ್ಲಿ ಚಿತ್ರ ಬಿಡಿಸುವ ಮೊದಲ ಪೂರ್ಣ ವ್ಯವಸ್ಥೆಗಳಲ್ಲಿ ಒಂದಾದ ‘ಸೂಪರ್‌ಪೇಂಟ್’ ಅನ್ನು ರಿಚರ್ಡ್ ಶೂಪ್ 1973ರಲ್ಲಿ ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾಲಯದಲ್ಲಿ ರೂಪಿಸಿದನು. ಟೆಲಿವಿಷನ್ ಕೇಂದ್ರಗಳಿಗೆಂದು ಬ್ರಿಟನ್ನಿನ ಕ್ವಾಂಟೆಲ್ ಕಂಪನಿ 1981ರಲ್ಲಿ ‘ಪೇಂಟ್‌ಬಾಕ್ಸ್’ ಯಂತ್ರವನ್ನು ಹೊರತಂದಿತು. ಅಮೆರಿಕದ ಪ್ರಾವಿಡೆನ್ಸ್ ನಗರದ ಕೋಸಾ ಎಂಬ ಸಣ್ಣ ಕಂಪನಿ 1993ರಲ್ಲಿ ಬಿಡುಗಡೆ ಮಾಡಿದ ‘ಆಫ್ಟರ್ ಎಫೆಕ್ಟ್ಸ್’ ಮೊದಲು ಆಲ್ಡಸ್ ಕಂಪನಿಗೆ, 1994ರಲ್ಲಿ ಅಡೋಬಿಗೆ ಸೇರಿ ಇಂದು ಈ ಕ್ಷೇತ್ರದ ಅತಿ ವ್ಯಾಪಕ ತಂತ್ರಾಂಶವಾಗಿದೆ. ಡಿಸ್ಕ್ರೀಟ್ ಕಂಪನಿ ತನ್ನ ‘ಪೇಂಟ್’ ಮತ್ತು ‘ಎಫೆಕ್ಟ್’ ಎಂಬ ಎರಡು ತಂತ್ರಾಂಶಗಳನ್ನು ಬೆಸೆದು 2000ದಲ್ಲಿ ‘ಕಂಬಶ್ಚನ್’ ಅನ್ನು ತಂದಿತಾದರೂ ಅದು ಬಹುಕಾಲ ಉಳಿಯಲಿಲ್ಲ. ಚಲನಚಿತ್ರದ ದೊಡ್ಡ ಶಾಟ್‌ಗಳಿಗೆ ಈಗ ‘ನ್ಯೂಕ್’ ಮತ್ತು ‘ಸಿಲೂಯೆಟ್’ ಹೆಚ್ಚು ಬಳಕೆಯಲ್ಲಿವೆ. ಟೆಲಿವಿಷನ್ ಶೀರ್ಷಿಕೆ, ಜಾಹೀರಾತು, ಹಾಡಿನ ವಿಡಿಯೊಗಳ ಮಟ್ಟದಲ್ಲಿ ಆಫ್ಟರ್ ಎಫೆಕ್ಟ್ಸೇ ಮುಂದಿದೆ. ಆದ್ದರಿಂದ ಮುಂದಿನ ವಿವರಣೆಯಲ್ಲಿ ಅದನ್ನೇ ಮಾದರಿಯಾಗಿ ಇಟ್ಟುಕೊಳ್ಳಲಾಗಿದೆ.

ಪೇಂಟ್ ಉಪಕರಣದ ತೊಂದರೆಗಳು: ಹೊಸ ಬಳಕೆದಾರನಿಗೆ ಎದುರಾಗುವ ಮೊದಲ ತೊಡಕೆಂದರೆ ಕುಂಚವನ್ನು ಆರಿಸಿಕೊಂಡರೂ ಗೆರೆ ಮೂಡದಿರುವುದು. ಆಫ್ಟರ್ ಎಫೆಕ್ಟ್ಸ್‌ನಲ್ಲಿ ಎಲ್ಲ ಪದರಗಳೂ ಕೂಡಿ ಕಾಣುವ ಕಂಪೊಸಿಷನ್ ಕಿಟಕಿಯಲ್ಲಿ ಕುಂಚ ಕೆಲಸ ಮಾಡುವುದಿಲ್ಲ. ಒಂದೇ ಪದರವನ್ನು ಎರಡು ಬಾರಿ ಕ್ಲಿಕ್ಕಿಸಿ ತೆರೆಯುವ ಲೇಯರ್ ಕಿಟಕಿಯಲ್ಲಿ ಮಾತ್ರ ಅದು ನಡೆಯುತ್ತದೆ. ಅಕ್ಷರದ ಪದರಕ್ಕೂ ರೇಖಾಕೃತಿಯ ಪದರಕ್ಕೂ ಲೇಯರ್ ಕಿಟಕಿಯೇ ಇಲ್ಲದಿರುವುದರಿಂದ ಅವುಗಳ ಮೇಲೆ ನೇರವಾಗಿ ಬಣ್ಣ ಹಚ್ಚಲು ಬರುವುದಿಲ್ಲ. ಅಂಥ ಪದರವನ್ನು ಮೊದಲು ಪ್ರಿಕಂಪೋಸ್ ಮಾಡಬೇಕು, ಅಂದರೆ ಅದನ್ನು ಪ್ರತ್ಯೇಕ ಉಪಸಂಯೋಜನೆಯೊಳಗೆ ಇರಿಸಿ ಆ ಉಪಸಂಯೋಜನೆಯನ್ನು ಒಂದು ಪದರವೆಂದು ಭಾವಿಸಿ ತೆರೆಯಬೇಕು.

ಗೆರೆ ಮೂಡಿಯೂ ಕಾಣದಿರುವುದು ಇದಕ್ಕಿಂತ ಸೂಕ್ಷ್ಮವಾದ ತೊಡಕು. ಪೇಂಟ್ ಫಲಕದಲ್ಲಿ ಚಾನೆಲ್ ಎಂಬ ಆಯ್ಕೆ ಆಲ್ಫಾ ಎಂದಿದ್ದರೆ ಕುಂಚ ಬಣ್ಣವನ್ನು ಮುಟ್ಟದೆ ಪಾರದರ್ಶಕತೆಯನ್ನು ಮಾತ್ರ ಬದಲಿಸುತ್ತದೆ. ಮೊದಲೇ ಪೂರ್ಣ ಅಪಾರದರ್ಶಕವಾದ ಚಿತ್ರದ ಮೇಲೆ ಬಿಳಿಯಲ್ಲಿ ಎಷ್ಟು ಗೀಚಿದರೂ ಆಗ ಏನೂ ಕಾಣುವುದಿಲ್ಲ. ಲೇಯರ್ ಕಿಟಕಿಯ ಕೆಳಗೆ ಇರುವ ವ್ಯೂ ಪಟ್ಟಿ ಪದರವನ್ನು ಅದರ ಯಾವ ಹಂತದಲ್ಲಿ ತೋರಿಸಬೇಕೆಂದು ನಿರ್ಧರಿಸುತ್ತದೆ. ಅದು ಪೇಂಟ್‌ಗಿಂತ ಹಿಂದಿನ ಹಂತಕ್ಕೆ ನಿಂತಿದ್ದರೆ ಹಚ್ಚಿದ ಬಣ್ಣ ಅಂತಿಮ ಚಿತ್ರದಲ್ಲಿ ಇದ್ದರೂ ಕಣ್ಣಿಗೆ ಬೀಳುವುದಿಲ್ಲ. ಒಂದೇ ಪದರದ ಮೇಲೆ ಪೇಂಟ್ ಎಫೆಕ್ಟಿನ ಎರಡು ಪ್ರತಿಗಳಿದ್ದಾಗಲೂ ಇದೇ ಪಟ್ಟಿಯಲ್ಲಿ ಬೇಕಾದ ಪ್ರತಿಯನ್ನು ಆರಿಸಿಕೊಳ್ಳಬೇಕಾಗುತ್ತದೆ. ಇದಕ್ಕೆ ವಿರುದ್ಧವಾದ ದೂರು ಮೂಲ ಚಿತ್ರವೇ ಮಾಯವಾಗಿ ಗೆರೆಗಳಷ್ಟೇ ಉಳಿಯುವುದು. ಪಾರದರ್ಶಕ ಹಿನ್ನೆಲೆಯ ಮೇಲೆ ಬರೆ ಎಂಬ ಅರ್ಥದ ‘ಪೇಂಟ್ ಆನ್ ಟ್ರಾನ್ಸ್‌ಪೆರೆಂಟ್’ ಆಯ್ಕೆ ಚಾಲ್ತಿಯಲ್ಲಿರುವುದೇ ಅದಕ್ಕೆ ಕಾರಣ.

ಕಾಲದ ಲೆಕ್ಕ ತಪ್ಪಿದಾಗ ಆಗುವ ಹಾನಿ ಹೆಚ್ಚು, ಏಕೆಂದರೆ ಅದು ಬಹುತೇಕ ಕೆಲಸವೆಲ್ಲ ಮುಗಿದ ಮೇಲೆ ಗೊತ್ತಾಗುತ್ತದೆ. ಪ್ರತಿ ಗೆರೆಗೂ ಒಂದು ಅವಧಿಯಿದೆ. ‘ಕಾನ್‌ಸ್ಟಂಟ್’ ಎಂಬ ಆಯ್ಕೆಯಲ್ಲಿ ಗೆರೆ ತಾನು ಬರೆಯಲ್ಪಟ್ಟ ಫ್ರೇಮಿನಿಂದ ಪದರದ ಕೊನೆಯವರೆಗೆ ಇರುತ್ತದೆಯೇ ಹೊರತು ಆರಂಭದಿಂದ ಅಲ್ಲ. ಶಾಟಿನ ನಡುವೆ ನಿಂತು ತಂತಿಯನ್ನು ಅಳಿಸಿದವರಿಗೆ ಮೊದಲ ಅರ್ಧದಲ್ಲಿ ತಂತಿ ಹಾಗೆಯೇ ಉಳಿದಿರುವುದು ಆಮೇಲೆ ಕಾಣುತ್ತದೆ. ‘ಸಿಂಗಲ್ ಫ್ರೇಮ್’ ಆಯ್ಕೆಯಲ್ಲಿ ಗೆರೆ ಒಂದೇ ಫ್ರೇಮಿಗೆ ಸೀಮಿತ. ಇಲ್ಲಿ ಭಾರತದ ಕೆಲಸಕ್ಕೆ ವಿಶೇಷವಾಗಿ ಅಂಟಿಕೊಂಡ ತೊಡಕೊಂದಿದೆ: ಸಿನಿಮಾ ಸೆಕೆಂಡಿಗೆ 24 ಫ್ರೇಮ್, ಟೆಲಿವಿಷನ್ 25 ಫ್ರೇಮ್ ಓಡುವುದರಿಂದ, 24ರ ತುಣುಕನ್ನು 25ರ ಸಂಯೋಜನೆಯಲ್ಲಿ ಇರಿಸಿ ಫ್ರೇಮ್ ಫ್ರೇಮಾಗಿ ಬಣ್ಣ ಹಚ್ಚಿದರೆ ಪ್ರತಿ ಸೆಕೆಂಡಿಗೆ ಒಂದು ಮೂಲ ಫ್ರೇಮ್ ಎರಡು ಬಾರಿ ಬರುತ್ತದೆ, ಅದರ ಒಂದು ಪ್ರತಿ ಮಾತ್ರ ತಿದ್ದಲ್ಪಟ್ಟಿರುತ್ತದೆ, ಪರದೆಯ ಮೇಲೆ ತಂತಿ ಕ್ಷಣಕ್ಕೊಮ್ಮೆ ಮಿನುಗಿ ಮರೆಯಾಗುತ್ತದೆ. ಪೇಂಟ್ ಕೆಲಸವನ್ನು ಮೂಲ ತುಣುಕಿನ ವೇಗದ ಸಂಯೋಜನೆಯಲ್ಲೇ ಮುಗಿಸಿ, ವೇಗದ ಪರಿವರ್ತನೆಯನ್ನು ಕೊನೆಗೆ ಇಟ್ಟುಕೊಳ್ಳುವುದೊಂದೇ ನೆಚ್ಚಬಹುದಾದ ಪರಿಹಾರ.

ಒಂದು ಜಾಗದ ಚಿತ್ರವನ್ನು ಇನ್ನೊಂದು ಜಾಗಕ್ಕೆ ತರುವ ಕ್ಲೋನ್ ಉಪಕರಣದಲ್ಲಿ ಮೂಲದ ಕಾಲವನ್ನು ಬಿಗಿಹಿಡಿಯುವ ಆಯ್ಕೆಯಿದೆ. ಅದನ್ನು ಹಾಕಿದರೆ ನಕಲು ಸದಾ ಒಂದೇ ಫ್ರೇಮಿನಿಂದ ಬರುತ್ತದೆ. ಸ್ಥಿರ ಗೋಡೆಗೆ ಅದು ಅನುಕೂಲವಾದರೂ, ಸುತ್ತಲಿನ ಚಿತ್ರದಲ್ಲಿ ಕ್ಯಾಮೆರಾದ ಸಣ್ಣ ಕಣಗಳು ಕುಣಿಯುತ್ತಿರುವಾಗ ತೇಪೆ ಹಾಕಿದ ಜಾಗ ಮಾತ್ರ ಹೆಪ್ಪುಗಟ್ಟಿದಂತೆ ಕಂಡು ಗುಟ್ಟು ರಟ್ಟಾಗುತ್ತದೆ. ತೇಪೆಯ ಮೇಲೆ ಕಣಗಳನ್ನು ಹೊಸದಾಗಿ ಸೇರಿಸುವುದು ಸ್ಟುಡಿಯೊಗಳ ರೂಢಿ. ಪದರದೊಳಗಿನ ಗೆರೆ ಚಿತ್ರದಲ್ಲಿ ಚಲಿಸುವ ವಸ್ತುವನ್ನು ತಾನಾಗಿ ಹಿಂಬಾಲಿಸುವುದಿಲ್ಲವಾದ್ದರಿಂದ, ಕ್ಯಾಮೆರಾ ಚಲಿಸುವ ಶಾಟಿನಲ್ಲಿ ಮೊದಲು ಚಲನೆಯ ಜಾಡು ಹಿಡಿದು, ಚಿತ್ರವನ್ನು ಸ್ಥಿರಗೊಳಿಸಿ, ಬಣ್ಣ ಹಚ್ಚಿ, ಬಳಿಕ ಚಲನೆಯನ್ನು ಮರಳಿ ಕೊಡಬೇಕು. 2008ರಿಂದ ಆಫ್ಟರ್ ಎಫೆಕ್ಟ್ಸ್‌ನೊಂದಿಗೆ ಬರುತ್ತಿರುವ ‘ಮೋಕಾ’ ಈ ಜಾಡು ಹಿಡಿಯುವ ಕೆಲಸಕ್ಕೇ ಮೀಸಲು. 2019ರಲ್ಲಿ ಸೇರಿದ ‘ಕಂಟೆಂಟ್ ಅವೇರ್ ಫಿಲ್’ ಖಾಲಿ ಬಿಟ್ಟ ಜಾಗವನ್ನು ಅಕ್ಕಪಕ್ಕದ ಫ್ರೇಮುಗಳಿಂದ ತಾನೇ ತುಂಬುತ್ತದೆ. ಆದರೆ ಬೆಳಕು ಬದಲಾಗುವ ಶಾಟಿನಲ್ಲಿ ಅದರ ಫಲಿತಾಂಶವನ್ನು ಕೈಯಿಂದ ತಿದ್ದದೆ ಒಪ್ಪಿಸುವಂತಿಲ್ಲ.

ಪೆನ್ ಟ್ಯಾಬ್ಲೆಟ್ ಒತ್ತಡಕ್ಕೆ ಸ್ಪಂದಿಸದೆ ಎಲ್ಲ ಗೆರೆಗಳೂ ಒಂದೇ ದಪ್ಪಕ್ಕೆ ಬಂದರೆ, ಕುಂಚದ ಫಲಕದಲ್ಲಿ ಗಾತ್ರದ ನಿಯಂತ್ರಣ ಪೆನ್ನಿನ ಒತ್ತಡಕ್ಕೆ ಜೋಡಿಸಲ್ಪಟ್ಟಿದೆಯೇ ಎಂದು ನೋಡಿ, ಅನಂತರ ಟ್ಯಾಬ್ಲೆಟ್ಟಿನ ಡ್ರೈವರನ್ನೂ ವಿಂಡೋಸ್ ಇಂಕ್ ಆಯ್ಕೆಯನ್ನೂ ಪರೀಕ್ಷಿಸಬೇಕು.

ಕನ್ನಡ ಅಕ್ಷರಗಳ ಸಮಸ್ಯೆ: ಚಲನಚಿತ್ರದ ಹೆಸರು ಕೈಬರಹದಂತೆ ಪರದೆಯ ಮೇಲೆ ಮೆಲ್ಲನೆ ಮೂಡುವ ಶೀರ್ಷಿಕೆಗಳಿಗೆ ಪೇಂಟಿನ ‘ರೈಟ್ ಆನ್’ ಅವಧಿಯನ್ನು ಬಳಸುತ್ತಾರೆ. ಸಿದ್ಧ ಅಕ್ಷರದ ಮೇಲೆ ಕುಂಚವನ್ನು ಎಳೆದರೆ, ಎಳೆದ ವೇಗದಲ್ಲೇ ಗೆರೆ ಮುಂದುವರಿದು ಕೆಳಗಿನ ಅಕ್ಷರವನ್ನು ಬಯಲು ಮಾಡುತ್ತ ಹೋಗುತ್ತದೆ. ರೋಮನ್ ಲಿಪಿಯ ನೇರ ಕೋಲುಗಳಿಗೆ ಇದು ಸುಲಭವಾಗಿ ಒದಗುವಂತೆ ಕನ್ನಡಕ್ಕೆ ಒದಗುವುದಿಲ್ಲ. ಕನ್ನಡದ ಅಕ್ಷರ ತನ್ನೊಳಗೇ ಸುರುಳಿ ಸುತ್ತುತ್ತದೆ. ‘ಖ’, ‘ಋ’, ‘ಣ’ಗಳಲ್ಲಿ ಒಂದು ಬಾಗು ಇನ್ನೊಂದಕ್ಕೆ ತಾಗುವಷ್ಟು ಹತ್ತಿರ ಹಾಯುತ್ತದೆ. ಅಕ್ಷರದ ಪೂರ್ಣ ದಪ್ಪವನ್ನು ಮುಚ್ಚುವಷ್ಟು ಅಗಲವಾದ ಕುಂಚ ಮೊದಲ ಬಾಗಿನ ಮೇಲೆ ಹೋಗುವಾಗಲೇ, ಇನ್ನೂ ಬರೆಯದ ಪಕ್ಕದ ಬಾಗಿನ ಅಂಚನ್ನೂ ತೋರಿಸಿಬಿಡುತ್ತದೆ. ಕುಂಚವನ್ನು ಕಿರಿದು ಮಾಡಿದರೆ ಅಕ್ಷರದ ಅಂಚುಗಳು ಬಯಲಾಗದೆ ಉಳಿಯುತ್ತವೆ. ಅಕ್ಷರವನ್ನು ಎರಡು ಮೂರು ತುಂಡುಗಳಾಗಿ ಮಾಸ್ಕ್‌ನಿಂದ, ಅಂದರೆ ಬೇಕಾದ ಭಾಗವನ್ನಷ್ಟೇ ಉಳಿಸಿಕೊಳ್ಳುವ ಗಡಿರೇಖೆಯಿಂದ ಬೇರ್ಪಡಿಸಿ, ಪ್ರತಿ ತುಂಡಿಗೂ ಪ್ರತ್ಯೇಕ ಗೆರೆ ಎಳೆದು, ಒಂದರ ಮುಕ್ತಾಯವನ್ನು ಇನ್ನೊಂದರ ಆರಂಭಕ್ಕೆ ಹೊಂದಿಸುವುದು ಇದಕ್ಕೆ ಪರಿಹಾರ. ಕೈ ನಡೆದ ವೇಗವೇ ದಾಖಲಾಗುವುದರಿಂದ ಗೆರೆ ತಡವರಿಸಿದಂತೆ ಕಂಡರೆ, ಗೆರೆಯ ‘ಎಂಡ್’ ಮೌಲ್ಯದ ಮೇಲೆ ತಾನಾಗಿ ಬಿದ್ದ ಕೀಲಿಬಿಂದುಗಳನ್ನು, ಅಂದರೆ ಯಾವ ಕ್ಷಣದಲ್ಲಿ ಮೌಲ್ಯ ಎಷ್ಟಿರಬೇಕೆಂಬ ಗುರುತುಗಳನ್ನು ಅಳಿಸಿ, ತುದಿಗಳಲ್ಲಿ ಎರಡನ್ನಷ್ಟೇ ಇಟ್ಟರೆ ವೇಗ ಸಮವಾಗುತ್ತದೆ. ತಲೆಕಟ್ಟನ್ನು, ಒತ್ತಕ್ಷರವನ್ನು ಯಾವ ಹಂತದಲ್ಲಿ ಬರೆಯಬೇಕೆಂಬುದನ್ನು ತಂತ್ರಾಂಶ ಬಲ್ಲುದಲ್ಲ. ಸ್ಲೇಟಿನ ಮೇಲೆ ಅಕ್ಷರ ತಿದ್ದಿದವರೇ ಅದನ್ನು ನಿರ್ಧರಿಸಬೇಕು, ಮತ್ತು ಅದು ತಪ್ಪಿದ ಶೀರ್ಷಿಕೆ ಕನ್ನಡ ಓದುಗನ ಕಣ್ಣಿಗೆ ಕೂಡಲೇ ಚುಚ್ಚುತ್ತದೆ.

ಅಕ್ಷರ ಅಕ್ಷರವಾಗಿ ಹಾರಿ ಬರುವ ಪರಿಣಾಮಗಳಲ್ಲಿ ಬೇರೊಂದು ಬಗೆಯ ಕೇಡಿದೆ. ಯೂನಿಕೋಡ್ ಪಠ್ಯದಲ್ಲಿ ‘ಕ್ಷ್ಮೀ’ ಎಂಬುದು ಓದುಗನಿಗೆ ಒಂದೇ ಅಕ್ಷರವಾದರೂ ಗಣಕಕ್ಕೆ ವ್ಯಂಜನ, ಹಲಂತ, ಸ್ವರಚಿಹ್ನೆಗಳ ಸಾಲು. ಅವುಗಳನ್ನು ಕೂಡಿಸಿ ಸರಿಯಾದ ಆಕಾರ ಕೊಡುವುದು ಪಠ್ಯ ಎಂಜಿನ್ನಿನ ಕೆಲಸ. ಆಫ್ಟರ್ ಎಫೆಕ್ಟ್ಸ್‌ನ ಹಳೆಯ ಆವೃತ್ತಿಗಳ ಆದ್ಯತೆಗಳಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆ ತಕ್ಕ ಎಂಜಿನ್ನನ್ನು ಆರಿಸದೆ ಬರೀ ಲ್ಯಾಟಿನ್ ಎಂಜಿನ್ನಿನಲ್ಲಿ ಬರೆದರೆ ಒತ್ತಕ್ಷರ ಕೆಳಗಿಳಿಯದೆ ಪಕ್ಕಕ್ಕೆ ಬೀಳುತ್ತಿತ್ತು. ಈ ತೊಡಕಿನಿಂದಲೇ ಶೀರ್ಷಿಕೆ ಕಲಾವಿದರು ಬಹುಕಾಲ ನುಡಿ, ಶ್ರೀಲಿಪಿಗಳ ಯೂನಿಕೋಡೇತರ ಫಾಂಟುಗಳಿಗೆ ಅಂಟಿಕೊಂಡಿದ್ದರು. ಅವುಗಳಲ್ಲಿ ಆಕಾರ ಸರಿಯಿರುತ್ತದೆ, ಆದರೆ ಒಂದು ಅಕ್ಷರವೇ ಹಲವು ತುಣುಕುಗಳಾಗಿ ಕೂತಿರುವುದರಿಂದ ಅನಿಮೇಷನ್ನಿನಲ್ಲಿ ಗುಣಿತದ ಚಿಹ್ನೆ ಅಕ್ಷರವನ್ನು ಬಿಟ್ಟು ಒಂಟಿಯಾಗಿ ಹಾರಿಹೋಗುತ್ತದೆ. ಪಠ್ಯವನ್ನು ರೇಖಾಕೃತಿಯಾಗಿ ಪರಿವರ್ತಿಸಿ, ಒಂದು ಪೂರ್ಣಾಕ್ಷರಕ್ಕೆ ಸೇರಿದ ಆಕಾರಗಳನ್ನೆಲ್ಲ ಒಂದು ಗುಂಪಿಗೆ ತಂದು, ಗುಂಪುಗಳಿಗೆ ಚಲನೆ ಕೊಡುವುದು ಶ್ರಮದ ದಾರಿಯಾದರೂ ತಪ್ಪದ ದಾರಿ.

ಎಫೆಕ್ಟ್‌ಗಳ ಸರದಿ: ಆಫ್ಟರ್ ಎಫೆಕ್ಟ್ಸ್ ಒಂದು ಪದರವನ್ನು ಮೊದಲು ಮಾಸ್ಕ್, ಅನಂತರ ಎಫೆಕ್ಟ್, ಆಮೇಲೆ ಸ್ಥಾನ–ಗಾತ್ರ–ತಿರುಗುವಿಕೆ ಎಂಬ ಕ್ರಮದಲ್ಲಿ ಲೆಕ್ಕ ಹಾಕುತ್ತದೆ; ಎಫೆಕ್ಟ್‌ಗಳೊಳಗೆ ಪಟ್ಟಿಯ ಮೇಲಿನದು ಮೊದಲು, ಕೆಳಗಿನದು ಆಮೇಲೆ. ಪೇಂಟ್ ಕೂಡ ಈ ಪಟ್ಟಿಯಲ್ಲಿ ಒಂದು ಎಫೆಕ್ಟ್ ಅಷ್ಟೆ. ಮಸುಕಿನ ಎಫೆಕ್ಟ್ ಪೇಂಟಿಗಿಂತ ಮೇಲಿದ್ದರೆ ಚಿತ್ರ ಮಸುಕಾಗಿ ಗೆರೆ ಚೂಪಾಗಿ ಉಳಿಯುತ್ತದೆ, ಕೆಳಗಿದ್ದರೆ ಎರಡೂ ಮಸುಕಾಗುತ್ತವೆ. ನೆರಳು ಪದರದ ಅಂಚಿನಲ್ಲಿ ಕತ್ತರಿಸಿದಂತೆ ನಿಲ್ಲುವುದು, ತಿರುಗಿಸಿದ ಪದರದ ನೆರಳೂ ಜೊತೆಗೆ ತಿರುಗಿಬಿಡುವುದು ಇವೂ ಸರದಿಯ ಫಲಗಳೇ. ಮೊದಲನೆಯದಕ್ಕೆ ಪದರದ ಎಲ್ಲೆಯನ್ನು ಹಿಗ್ಗಿಸುವ ‘ಗ್ರೋ ಬೌಂಡ್ಸ್’, ಎರಡನೆಯದಕ್ಕೆ ಉಪಸಂಯೋಜನೆ ಪರಿಹಾರ.

ಇನ್ನೊಂದು ಪದರವನ್ನು ಓದಿ ಕೆಲಸ ಮಾಡುವ ಎಫೆಕ್ಟ್‌ಗಳಲ್ಲಿ ಈ ಸರದಿ ಹೆಚ್ಚು ದಾರಿ ತಪ್ಪಿಸುತ್ತದೆ. ‘ಡಿಸ್‌ಪ್ಲೇಸ್‌ಮೆಂಟ್ ಮ್ಯಾಪ್’ ಬೇರೊಂದು ಪದರದ ಕಪ್ಪು–ಬಿಳುಪನ್ನು ನೋಡಿ ಚಿತ್ರವನ್ನು ಅಲುಗಿಸುತ್ತದೆ. ಆ ಪದರದ ಮೇಲೆ ಬಳಕೆದಾರನು ಕುಂಚದಿಂದ ಬರೆದಿದ್ದರೂ ಎಫೆಕ್ಟ್ ಅದನ್ನು ಗಮನಿಸದಿರಬಹುದು, ಏಕೆಂದರೆ ಅದು ಓದುವುದು ಪದರದ ಮೂಲ ರೂಪವನ್ನು. ಹಚ್ಚಿದ ಬಣ್ಣ ಅನಂತರ ಸೇರಿದ್ದು. ಮೂಲದ ಆಯ್ಕೆಯನ್ನು ‘ಎಫೆಕ್ಟ್ಸ್ ಅಂಡ್ ಮಾಸ್ಕ್ಸ್’ ಎಂದು ಬದಲಿಸಿದರೆ, ಅಥವಾ ಆ ಆಯ್ಕೆಯಿಲ್ಲದ ಹಳೆಯ ಆವೃತ್ತಿಗಳಲ್ಲಿ ಆ ಪದರವನ್ನು ಉಪಸಂಯೋಜನೆಯಾಗಿಸಿದರೆ ದೋಷ ಹೋಗುತ್ತದೆ. ಅಲೆಯ ನಕ್ಷೆಯನ್ನು ಕೈಯಿಂದ ಬರೆದು ನೀರನ್ನು ಅಲುಗಿಸಲು ಹೊರಟವರು ಎಫೆಕ್ಟನ್ನೇ ಬೈದು ಬಿಟ್ಟುಬಿಡುವುದು ಹೆಚ್ಚಾಗಿ ಈ ಒಂದು ಆಯ್ಕೆ ಗೊತ್ತಿಲ್ಲದೆ.

ಪ್ಲಗಿನ್ ಕಾಣೆಯಾಗುವುದು: ಯೋಜನೆಯ ಕಡತವನ್ನು ತೆರೆದಾಗ ಇಂತಿಂಥ ಎಫೆಕ್ಟ್‌ಗಳು ಸಿಗುತ್ತಿಲ್ಲ ಎಂಬ ಎಚ್ಚರಿಕೆ ಬಂದರೆ ಗಾಬರಿಗೆ ಕಾರಣವಿಲ್ಲ. ತಂತ್ರಾಂಶ ಆ ಎಫೆಕ್ಟಿನ ಜಾಗವನ್ನೂ ಅದರ ಮೌಲ್ಯಗಳನ್ನೂ ಕಾದಿರಿಸಿಕೊಂಡಿರುತ್ತದೆ. ಸರಿಯಾದ ಪ್ಲಗಿನ್ ಸೇರಿಸಿ ಮತ್ತೆ ತೆರೆದರೆ ಎಲ್ಲವೂ ಹಿಂದಿನಂತೆ ಮರಳುತ್ತವೆ. ಕಾಣೆಯಾದ ಗುರುತನ್ನು ಅಳಿಸಿ ಕಡತವನ್ನು ಉಳಿಸಿದರೆ ಮಾತ್ರ ಅದು ಮರಳಿ ಬಾರದು.

ಕಾಣೆಯಾಗಲು ಕಾರಣಗಳು ಹಲವು. ವಿಂಡೋಸ್ ಗಣಕದಲ್ಲಿ ಪ್ಲಗಿನ್ ಕಡತಗಳು ಆಯಾ ಆವೃತ್ತಿಯ ಪ್ಲಗ್‌ಇನ್ಸ್ ಕೋಶದಲ್ಲಾಗಲಿ, ಅಡೋಬಿಯ ಎಲ್ಲ ವಿಡಿಯೊ ತಂತ್ರಾಂಶಗಳಿಗೂ ಸಮಾನವಾದ ಮೀಡಿಯಾಕೋರ್ ಕೋಶದಲ್ಲಾಗಲಿ ಇರಬೇಕು. ಮೊದಲನೆಯ ಕಡೆ ಇಟ್ಟದ್ದು ಹೊಸ ಆವೃತ್ತಿ ಬಂದಾಗ ಅದರ ಜೊತೆ ಬರುವುದಿಲ್ಲ. ಎರಡೂ ಕಡೆ ಇಟ್ಟರೆ ಒಂದೇ ಎಫೆಕ್ಟಿನ ಎರಡು ಪ್ರತಿಗಳು ಪರಸ್ಪರ ಅಡ್ಡಬರುತ್ತವೆ. 2010ರ ಸಿಎಸ್5 ಆವೃತ್ತಿಯಲ್ಲಿ ಆಫ್ಟರ್ ಎಫೆಕ್ಟ್ಸ್ ಪೂರ್ಣವಾಗಿ 64 ಬಿಟ್‌ಗೆ ಬದಲಾದಾಗ 32 ಬಿಟ್‌ನ ಹಳೆಯ ಪ್ಲಗಿನ್‌ಗಳೆಲ್ಲ ಒಮ್ಮೆಲೇ ನಿಷ್ಪ್ರಯೋಜಕವಾದವು. 2022ರಲ್ಲಿ ಆ್ಯಪಲ್ ತಾನೇ ತಯಾರಿಸಿದ ಸಿಲಿಕಾನ್ ಚಿಪ್ಪಿಗೆ ತಂತ್ರಾಂಶ ನೇರವಾಗಿ ಹೊಂದಿಕೊಂಡಾಗ ಅದೇ ಕಥೆ ಮರುಕಳಿಸಿತು. ಹೊಸ ಚಿಪ್ಪಿಗೆ ಬರೆಯದ ಪ್ಲಗಿನ್ ಪಟ್ಟಿಯಲ್ಲೇ ಕಾಣುವುದಿಲ್ಲ, ತಂತ್ರಾಂಶವನ್ನು ರೊಸೆಟ್ಟಾ ಎಂಬ ಅನುವಾದಕ ಪದರದ ಮೂಲಕ ತೆರೆದರೆ ಮಾತ್ರ ಕಾಣುತ್ತದೆ. ಪ್ಲಗಿನ್ ತಯಾರಕರು ಕೈ ಬದಲಾಯಿಸುವುದೂ ಗೊಂದಲಕ್ಕೆ ದಾರಿ: ಕಣಗಳ ಪರಿಣಾಮಕ್ಕೆ ಹೆಸರಾದ ‘ಟ್ರ್ಯಾಪ್‌ಕೋಡ್ ಪರ್ಟಿಕ್ಯುಲರ್’ ಅನ್ನು ಮಾರುತ್ತಿದ್ದ ರೆಡ್ ಜೈಂಟ್ ಕಂಪನಿ 2020ರಲ್ಲಿ ಮ್ಯಾಕ್ಸನ್‌ನೊಂದಿಗೆ ವಿಲೀನವಾಯಿತು, ಮೋಕಾ, ಸಫೈರ್, ಸಿಲೂಯೆಟ್ ಮೂರೂ 2014ರಿಂದ 2019ರ ನಡುವೆ ಬೋರಿಸ್ ಎಫ್‌ಎಕ್ಸ್ ಕಂಪನಿಯ ಪಾಲಾದವು. ಪ್ರತಿ ಬದಲಾವಣೆಯೊಂದಿಗೆ ಪರವಾನಗಿಯ ವ್ಯವಸ್ಥೆಯೂ ಬದಲಾಗುತ್ತದೆ.

ಸ್ಟುಡಿಯೊಗಳ ಮಟ್ಟದಲ್ಲಿ ಹೆಚ್ಚು ದುಬಾರಿಯಾಗುವುದು ರೆಂಡರ್ ಫಾರ್ಮಿನಲ್ಲಿ ಕಾಣುವ ದೋಷ. ರೆಂಡರ್ ಎಂದರೆ ಅಂತಿಮ ಚಿತ್ರವನ್ನು ಲೆಕ್ಕ ಹಾಕಿ ಬರೆಯುವುದು. ಫಾರ್ಮ್ ಎಂದರೆ ಆ ಕೆಲಸವನ್ನು ಹಂಚಿಕೊಳ್ಳುವ ಗಣಕಗಳ ಸಾಲು. ಕಲಾವಿದನ ಗಣಕದಲ್ಲಿರುವ ಪ್ಲಗಿನ್ ಆ ಸಾಲಿನ ಒಂದು ಗಣಕದಲ್ಲಿ ಇಲ್ಲದಿದ್ದರೆ, ಅಥವಾ ಆವೃತ್ತಿ ಬೇರೆಯಾದರೆ, ಆ ಗಣಕದ ಪಾಲಿಗೆ ಬಂದ ಫ್ರೇಮುಗಳಲ್ಲಿ ಮಾತ್ರ ಪರಿಣಾಮ ಇರುವುದಿಲ್ಲ. ಪರವಾನಗಿ ಸರ್ವರಿನ ಸಂಪರ್ಕ ತಪ್ಪಿದರೆ ಕೆಲವು ಪ್ಲಗಿನ್‌ಗಳು ಚಿತ್ರದ ಮೇಲೆ ಅಡ್ಡಗೀಟು ಎಳೆದುಬಿಡುತ್ತವೆ. ಎಲ್ಲೋ ನಡುವೆ ಹತ್ತಾರು ಫ್ರೇಮ್‌ಗಳು ಮಾತ್ರ ಕೆಟ್ಟಿದ್ದರೆ ಯೋಜನೆಯ ಕಡತವನ್ನು ಶಂಕಿಸುವ ಮುನ್ನ ಆ ಫ್ರೇಮುಗಳನ್ನು ಯಾವ ಗಣಕ ಬರೆಯಿತೆಂದು ನೋಡುವುದು ಮೇಲು. ಯುರೋಪಿನ ಹಗಲು ಮುಗಿಯುವುದರೊಳಗೆ ಒಪ್ಪಿಸಬೇಕಾದ ಶಾಟ್‌ಗಳನ್ನು ಹೂಡಿ, ವೈಟ್‌ಫೀಲ್ಡ್‌ಗಳಲ್ಲಿ ರಾತ್ರಿ ಪಾಳಿಯವರು ಮುಗಿಸುವಾಗ ಈ ಬಗೆಯ ಶೋಧನೆಗೆ ಸಿಗುವ ಸಮಯ ಕಡಿಮೆ. ಬಿಟ್ಟಿಯಾಗಿ ಸಿಕ್ಕ ನಕಲಿ ಪ್ಲಗಿನ್‌ಗಳ ಬಗೆಗೆ ಇಲ್ಲಿ ಒಂದು ಮಾತು ಸಲ್ಲುತ್ತದೆ: ಬೀಗ ಒಡೆದ ಕಡತ ತಂತ್ರಾಂಶವನ್ನು ಕುಸಿಯುವಂತೆ ಮಾಡಿದರೆ ಅದಕ್ಕೆ ತಯಾರಕರ ನೆರವು ದೊರೆಯುವುದಿಲ್ಲ, ದೋಷ ಎಲ್ಲಿದೆ ಎಂಬುದನ್ನು ತಿಳಿಯುವ ಮಾರ್ಗವೂ ಮುಚ್ಚಿಹೋಗುತ್ತದೆ.

ಬಣ್ಣದ ಆಳ ಮತ್ತು ಗ್ರಾಫಿಕ್ಸ್ ಕಾರ್ಡ್: 8 ಬಿಟ್ ಆಳದಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲುಗಳು ಮಾತ್ರ ಇರುವುದರಿಂದ ಸಂಜೆಯ ಆಕಾಶದಂಥ ನಯವಾದ ಬಣ್ಣದಿಳಿತ ಪಟ್ಟೆ ಪಟ್ಟೆಯಾಗಿ ಒಡೆಯುತ್ತದೆ. ಯೋಜನೆಯನ್ನು 16 ಅಥವಾ 32 ಬಿಟ್‌ಗೆ ಏರಿಸಿದರೂ, ಸರಪಳಿಯ ನಡುವೆ 8 ಬಿಟ್‌ಗಷ್ಟೇ ಬರೆದ ಒಂದು ಹಳೆಯ ಪ್ಲಗಿನ್ ಇದ್ದರೆ ಚಿತ್ರ ಅಲ್ಲಿ ಮತ್ತೆ 256 ಮೆಟ್ಟಿಲುಗಳಿಗೆ ಇಳಿಯುತ್ತದೆ. ಅಂಥ ಎಫೆಕ್ಟಿನ ಪಕ್ಕದಲ್ಲಿ ತಂತ್ರಾಂಶವೇ ತ್ರಿಕೋನದ ಎಚ್ಚರಿಕೆ ಗುರುತನ್ನು ತೋರಿಸುತ್ತದೆ. 2022ರ ಆವೃತ್ತಿಯಿಂದ ಹಲವು ಫ್ರೇಮುಗಳನ್ನು ಏಕಕಾಲಕ್ಕೆ ಲೆಕ್ಕ ಹಾಕುವ ವ್ಯವಸ್ಥೆ ಬಂದಿದ್ದು, ಅದಕ್ಕೆ ಒಗ್ಗದ ಒಂದೇ ಎಫೆಕ್ಟ್ ಇಡೀ ಸಂಯೋಜನೆಯನ್ನು ಹಳೆಯ ನಿಧಾನ ಗತಿಗೆ ಎಳೆಯಬಲ್ಲದು, ಅದಕ್ಕೂ ಗುರುತಿದೆ. ಭಾರವಾದ ಪ್ಲಗಿನ್ ಓಡುವಾಗ ಪರದೆ ಒಮ್ಮೆ ಕಪ್ಪಾಗಿ ಮರಳಿ ತಂತ್ರಾಂಶ ಕುಸಿಯುವುದು ಗ್ರಾಫಿಕ್ಸ್ ಕಾರ್ಡಿಗೆ ಸಂಬಂಧಿಸಿದ್ದು: ಕಾರ್ಡ್ 2 ಸೆಕೆಂಡುಗಳೊಳಗೆ ಉತ್ತರಿಸದಿದ್ದರೆ ವಿಂಡೋಸ್ ಅದನ್ನು ಸ್ತಬ್ಧವೆಂದು ಭಾವಿಸಿ ಡ್ರೈವರನ್ನು ಮರುಪ್ರಾರಂಭಿಸುತ್ತದೆ. ಯೋಜನೆಯ ಆಯ್ಕೆಗಳಲ್ಲಿ ರೆಂಡರನ್ನು ಗ್ರಾಫಿಕ್ಸ್ ಕಾರ್ಡಿನಿಂದ ಮುಖ್ಯ ಸಂಸ್ಕಾರಕಕ್ಕೆ ವರ್ಗಾಯಿಸಿ ನೋಡಿದರೆ, ದೋಷ ಕಾರ್ಡಿನದೋ ಪ್ಲಗಿನ್ನಿನದೋ ಎಂಬುದು ಬಹುಮಟ್ಟಿಗೆ ಸ್ಪಷ್ಟವಾಗುತ್ತದೆ.

ಶೋಧನೆಯ ಕ್ರಮ: ಬದಲಾವಣೆಗಳನ್ನು ಒಂದೊಂದಾಗಿ ಮಾಡಿ ಫಲವನ್ನು ನೋಡುವುದು ಎಲ್ಲ ದೋಷನಿವಾರಣೆಯ ತಳಹದಿ. ಹಳೆಯ ಲೆಕ್ಕಾಚಾರದ ಉಳಿಕೆಗಳು ತಪ್ಪು ಚಿತ್ರವನ್ನು ತೋರಿಸುತ್ತಿರಬಹುದಾದ್ದರಿಂದ ಮೊದಲು ಸ್ಮೃತಿಯನ್ನೂ ಡಿಸ್ಕಿನ ಕ್ಯಾಷನ್ನೂ ಖಾಲಿ ಮಾಡಬೇಕು. ಆಮೇಲೆ ಎಫೆಕ್ಟ್‌ಗಳನ್ನು ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ಸ್ಥಗಿತಗೊಳಿಸುತ್ತ ಹೋದರೆ ಚಿತ್ರ ಕೆಡುವ ಹಂತ ಗೋಚರವಾಗುತ್ತದೆ. ಶಂಕಿತ ಎಫೆಕ್ಟನ್ನು ಹೊಸ, ಖಾಲಿ ಯೋಜನೆಯ ಬಣ್ಣದ ಪದರವೊಂದರ ಮೇಲೆ ಹಾಕಿ ನೋಡಬೇಕು. ಅಲ್ಲಿ ಅದು ಸರಿಯಾಗಿ ನಡೆದರೆ ದೋಷ ಮೂಲ ಯೋಜನೆಯಲ್ಲಿದೆ, ಅಲ್ಲೂ ಕೆಟ್ಟರೆ ಪ್ಲಗಿನ್ನಿನಲ್ಲಿ ಅಥವಾ ಗಣಕದಲ್ಲಿದೆ. ತಂತ್ರಾಂಶ ತೆರೆಯುವಾಗಲೇ ಕುಸಿಯುತ್ತಿದ್ದರೆ ಹೊರಗಿನ ಪ್ಲಗಿನ್‌ಗಳಲ್ಲಿ ಅರ್ಧವನ್ನು ಕೋಶದಿಂದ ಹೊರಗಿಟ್ಟು ತೆರೆಯುವುದು, ತೆರೆದರೆ ಹೊರಗಿಟ್ಟ ಅರ್ಧವನ್ನು, ಇಲ್ಲದಿದ್ದರೆ ಒಳಗುಳಿದ ಅರ್ಧವನ್ನು ಮತ್ತೆ ಇಬ್ಭಾಗಿಸುವುದು ರೂಢಿ; 64 ಪ್ಲಗಿನ್‌ಗಳಿದ್ದರೂ ಹೀಗೆ ಆರು ಸುತ್ತುಗಳಲ್ಲಿ ತಪ್ಪಿತಸ್ಥ ಪ್ಲಗಿನ್ ಸಿಗುತ್ತದೆ. ವಿಂಡೋಸ್‌ನಲ್ಲಿ ಕಂಟ್ರೋಲ್, ಆಲ್ಟ್, ಶಿಫ್ಟ್ ಕೀಲಿಗಳನ್ನು ಒಟ್ಟಿಗೆ ಒತ್ತಿಹಿಡಿದು ತಂತ್ರಾಂಶವನ್ನು ತೆರೆದರೆ ಆದ್ಯತೆಗಳು ಮೂಲಸ್ಥಿತಿಗೆ ಮರಳುತ್ತವೆ. ಇದನ್ನೇ ಮೊದಲ ಮದ್ದಾಗಿ ಸೂಚಿಸುವವರು ಬಹಳ ಮಂದಿ. ಆದರೆ ಅದರಿಂದ ಬಳಕೆದಾರನು ಮಾಡಿಕೊಂಡ ಹೊಂದಿಕೆಗಳೆಲ್ಲ ಅಳಿಸಿಹೋಗುವುದರಿಂದ ಅದನ್ನು ಕೊನೆಗೆ ಇಟ್ಟುಕೊಳ್ಳುವುದು ಲೇಸು.

ಪೂರ್ವಸಿದ್ಧತೆಯಿಂದ ತಪ್ಪಿಸಬಹುದಾದಷ್ಟು ದೋಷಗಳನ್ನು ಶೋಧನೆಯಿಂದ ಸರಿಪಡಿಸಲಾಗುವುದಿಲ್ಲ. ಯೋಜನೆಯನ್ನು ಇನ್ನೊಂದು ಸ್ಟುಡಿಯೊಗೆ ಒಪ್ಪಿಸುವಾಗ ಬಳಸಿದ ಪ್ಲಗಿನ್‌ಗಳ ಹೆಸರು ಮತ್ತು ಆವೃತ್ತಿಯ ಪಟ್ಟಿಯನ್ನು ಜೊತೆಗಿಡಬೇಕು. ಪ್ಲಗಿನ್ ಇಲ್ಲದವರಿಗೆ ಆ ಪದರವನ್ನು ಪಾರದರ್ಶಕತೆಸಹಿತ ಚಿತ್ರಸಾಲಾಗಿ ರೆಂಡರ್ ಮಾಡಿ ಕೊಡಬೇಕು. ಕನ್ನಡ ಶೀರ್ಷಿಕೆಗಳನ್ನು ಪಠ್ಯವಾಗಿ ಕಳಿಸದೆ ರೇಖಾಕೃತಿಯಾಗಿ ಕಳಿಸಬೇಕು. ತಂತ್ರಾಂಶವನ್ನಾಗಲಿ ಪ್ಲಗಿನ್ನನ್ನಾಗಲಿ ಕೆಲಸದ ನಡುವೆ ಹೊಸ ಆವೃತ್ತಿಗೆ ಏರಿಸದೆ, ಒಂದು ಚಿತ್ರ ಮುಗಿದು ಇನ್ನೊಂದು ಆರಂಭವಾಗುವ ನಡುವಿನ ಬಿಡುವಿನಲ್ಲಿ ಎಲ್ಲ ಗಣಕಗಳಲ್ಲೂ ಒಟ್ಟಿಗೆ ಏರಿಸುವುದು ಈ ವೃತ್ತಿಯಲ್ಲಿ ಪಾಲಿಸಬೇಕಾದ ನಿಯಮ.